ಹದಿನೆಂಟು ಮಕ್ಕಳ ಹೆಜ್ಜೆ ಲೆಕ್ಕ

ಗೇಟಿನ ಮುಂದೆ ಆಂಬುಲೆನ್ಸ್ ಬಂದು ನಿಂತಾಗ ಶಿಶುಪಾಲನಾ ಕೇಂದ್ರದ ಮೇಡಂ ಸ್ಟೂಲಿನ ಮೇಲೆ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಫಲಕ ಇನ್ನೂ ಬಂದಿರಲಿಲ್ಲ. ಮೊಳೆಯಾದರೂ ಮೊದಲೇ ಇರಲಿ ಎಂಬ ದೂರದೃಷ್ಟಿ. ‘ಪೌಷ್ಟಿಕತೆ ಮತ್ತು ದೇಹದಾರ್ಢ್ಯದಲ್ಲಿ ಮಾದರಿ ಕೇಂದ್ರ’ ಎಂಬ ಆ ಫಲಕ ಈ ಸಲ ಸಿಗದಿದ್ದರೆ ಬಾಗಿಲು ಮುಚ್ಚಿ ಎಂದು ಇಲಾಖೆ ಬರೆದಾಗಿತ್ತು.

ಪೌಷ್ಟಿಕತೆಗೆ ಏನೂ ಕೊರತೆಯಿರಲಿಲ್ಲ. ಗೋಡೆಯ ಚಾರ್ಟಿನಲ್ಲಿ ಸೋಮವಾರ ಕ್ಯಾರೆಟ್, ಮಂಗಳವಾರ ಮೊಳಕೆಕಾಳು, ಬುಧವಾರ ಸೊಪ್ಪು. ಅವು ಗೋಡೆ ಬಿಟ್ಟು ತಟ್ಟೆಗೆ ಇಳಿದದ್ದನ್ನು ಕಂಡವರಿಲ್ಲ, ಅಷ್ಟೆ. ತಟ್ಟೆಯಲ್ಲಿ ವಾರವಿಡೀ ಕ್ರೀಮ್ ಬಿಸ್ಕತ್ತು. ವ್ಯಾಯಾಮವೂ ಧಾರಾಳ. ಟಿ.ವಿ.ಯಲ್ಲಿ ಇಲಿಯೊಂದು ಓಡುತ್ತಿತ್ತು. ಹದಿನೆಂಟು ಮಕ್ಕಳು ಚಾಪೆಯ ಮೇಲೆ ಕೂತಲ್ಲಿಂದಲೇ ಅದನ್ನು ಕಣ್ಣುಗಳಿಂದ ಅಟ್ಟಿಸಿಕೊಂಡು ಹೋಗುತ್ತಿದ್ದವು.

ಆದರೂ ಇಲಾಖೆ ಕೊಟ್ಟ ಹದಿನೆಂಟು ಕೈಪಟ್ಟಿಗಳು ಮೂರು ತಿಂಗಳಿಂದ, ಮಗುವೊಂದಕ್ಕೆ ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ಎಂದು ವರದಿ ಕಳಿಸುತ್ತಿದ್ದವು. ಯಂತ್ರ ಸುಳ್ಳು ಹೇಳುವುದಿಲ್ಲ. ಯಂತ್ರದ ಈ ಗುಣ ಮೇಡಮ್ಮಿಗೆ ಬಹಳ ಹಿಡಿಸಿತ್ತು.

ಮಹಡಿಯಿಂದ ಆಯಾ ಬಕೆಟ್ ಹಿಡಿದು ಇಳಿದಳು. ಈ ಸೆಕೆಯಲ್ಲೂ ಮೊಣಕಾಲವರೆಗೆ ಉಣ್ಣೆಯ ಕಾಲುಚೀಲ. ಯಾಕೆಂದು ಯಾರಾದರೂ ಅವಳನ್ನು ಕೇಳಿದರೆ “ಮಂಡಿನೋವು” ಎಂದು ಮೇಡಮ್ಮೇ ಉತ್ತರಿಸುತ್ತಿದ್ದರು.

“ಮೇಡಂ, ಒಂದೈದು ನಿಮಿಷ ಕೂತ್ಕೊಳ್ಳಲಾ?”

“ಕೂರೋಕೆ ಮಕ್ಕಳಿದ್ದಾವಲ್ಲ. ನೀನು ಹೋಗಿ ಮೇಲಿನ ಕಿಟಕಿ ಒರೆಸು.”

“ಬೆಳಿಗ್ಗೆ ಒರೆಸಿದ್ನಲ್ಲ.”

“ಬೆಳಿಗ್ಗೆ ತಿಂಡಿ ತಿಂದೆ ಅಂತ ಮಧ್ಯಾಹ್ನ ಊಟ ಬಿಡ್ತೀಯಾ?”

ಆಯಾ ಕಂಬಿ ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು.

ಅಷ್ಟರಲ್ಲಿ ಇಲಾಖೆಯ ಡಾಕ್ಟರು ಒಳಗೆ ಬಂದರು. ಹಿಂದೆ ಸ್ಟ್ರೆಚರ್ ಹಿಡಿದ ಇಬ್ಬರು.

“ಒಂದು ಫಲಕಕ್ಕೆ ಇಷ್ಟು ದೊಡ್ಡ ಗಾಡಿ ಯಾಕೆ ಸಾರ್?” ಮೇಡಂ ಹಲ್ಲು ಬಿಟ್ಟರು.

“ಫಲಕ ಅಲ್ಲಮ್ಮ. ಆ ಕೈಪಟ್ಟಿ ಬರೀ ಹೆಜ್ಜೆ ಎಣಿಸಲ್ಲ, ನಾಡಿನೂ ಕಳಿಸುತ್ತೆ. ಓದಿರಲಿಲ್ವಾ?”

ಅದು ಪಟ್ಟಿಗಳ ಜೊತೆ ಬಂದ ಕೈಪಿಡಿಯ ಎರಡನೇ ಪುಟದಲ್ಲಿತ್ತು. ಮೇಡಂ ಮೊದಲನೇ ಪುಟದ ಫಲಕದ ಚಿತ್ರದ ಹತ್ತಿರವೇ ನಿಂತುಬಿಟ್ಟಿದ್ದರು.

“ನಿನ್ನೆ ಹತ್ತೂ ನಲವತ್ತಕ್ಕೆ ಹದಿನೆಂಟು ಮಕ್ಕಳ ಎದೆಬಡಿತ ಒಟ್ಟಿಗೇ ತಪ್ಪಿದೆ. ಒಂದೇ ಕ್ಷಣಕ್ಕೆ. ಮತ್ತೆ ಒಟ್ಟಿಗೇ ಸರಿಹೋಗಿದೆ.”

ಮೇಡಂ ಸ್ಟೂಲಿನಿಂದ ಇಳಿದರು. “ಶಿಸ್ತು ಸಾರ್. ನಮ್ಮಲ್ಲಿ ಎಲ್ಲಾ ಒಟ್ಟಿಗೇ.”

ಡಾಕ್ಟರು ಚಾಪೆಯ ಮೇಲೆ ಮಂಡಿಯೂರಿದರು. ಮುಂದೆ ಕೂತಿದ್ದ ಗುಂಡ ಎಂಬ ಹುಡುಗನ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಬಿಸ್ಕತ್ತಿನ ಚೂರು ಬಿಟ್ಟರೆ ದೋಷವಿಲ್ಲ. ಪಕ್ಕದಲ್ಲಿ ಗಿಣಿ. ಯಾರ ದನಿ ಕೇಳಿದರೂ ಹಾಗೇ ಒಪ್ಪಿಸುವ ನಾಲ್ಕು ವರ್ಷದ ಹುಡುಗಿ. ಸ್ಟೆತಸ್ಕೋಪ್ ತಣ್ಣಗೆ ತಾಗಿದ್ದೇ ಸೊಂಟಕ್ಕೆ ಕೈಯಿಟ್ಟು, ಮೇಡಮ್ಮಿನ ಮೂಗುದನಿಯಲ್ಲಿ ಶುರುಮಾಡಿದಳು: “ಹತ್ತು, ಇಳಿ! ಹತ್ತು, ಇಳಿ! ಇನ್ನೂ ಎರಡು ಸಾವಿರ ಬಾಕಿ! ಫಲಕ ನಿಮ್ಮಪ್ಪ ತಂದುಕೊಡ್ತಾನಾ?”

“ಇದು ಮಕ್ಕಳಿಗೆ ಹೇಳೋ ಮಾತಾ?”

“ಪ್ರೋತ್ಸಾಹ ಸಾರ್.”

“ಅದ್ಸರಿ, ಪಟ್ಟಿ ಎಲ್ಲಿ? ಒಂದು ಕೈಯಲ್ಲೂ ಕಾಣ್ತಿಲ್ಲ.”

“ಬಿಚ್ಚಿಟ್ಟಿದ್ದೀವಿ. ಎಳೇ ಚರ್ಮ ನೋಡಿ, ತುರಿಕೆ ಆಗುತ್ತೆ.”

ಡಾಕ್ಟರು ತಮ್ಮ ಫೋನನ್ನು ಮೇಡಮ್ಮಿನ ಮುಖದ ಮುಂದೆ ಹಿಡಿದರು. ಒಂದರ ಕೆಳಗೊಂದರಂತೆ ಹದಿನೆಂಟು ಗೆರೆಗಳು ಏಕತಾಳದಲ್ಲಿ ಕುಣಿಯುತ್ತಿದ್ದವು.

“ಬಿಚ್ಚಿಟ್ಟ ಪಟ್ಟಿಗೆ ನಾಡಿ ಎಲ್ಲಿಂದ ಬಂತಮ್ಮ?”

ಮೇಡಂ ಬಾಯಿ ತೆರೆದರು. ನಿಜ ಹೇಳಿದರೆ ಕೇಂದ್ರಕ್ಕೆ ಬೀಗ. ಸುಳ್ಳು ಹೇಳೋಣವೆಂದರೆ, ಜೀವನದಲ್ಲಿ ಮೊದಲ ಸಲ, ಯಾವುದೂ ಹೊಳೆಯಲಿಲ್ಲ. ಮೊಳೆಯನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿದರು.

ಫೋನು ಕಿರುಚಿಕೊಂಡಿತು. ಹದಿನೆಂಟೂ ಗೆರೆಗಳು ಒಟ್ಟಿಗೇ ಎಡವಿ, ಒಟ್ಟಿಗೇ ತತ್ತರಿಸಿದವು. ಚಾಪೆಯ ಮೇಲೆ ಹದಿನೆಂಟು ಮಕ್ಕಳೂ ಇಲಿಯನ್ನು ನೋಡಿ ಕೇಕೆ ಹಾಕಿ ನಗುತ್ತಿದ್ದವು.

ಮಹಡಿಯ ಮೆಟ್ಟಿಲುಗಳಲ್ಲಿ ಖಾಲಿ ಬಕೆಟ್ಟೊಂದು ದಡಬಡ ಉರುಳಿಕೊಂಡು ಬಂತು.

ಡಾಕ್ಟರು ಎರಡೆರಡು ಮೆಟ್ಟಿಲು ಹಾರುತ್ತ ಮೇಲೋಡಿದರು. ತಿರುವಿನಲ್ಲಿ ಬಿದ್ದಿದ್ದ ಆಯಾಳ ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ಅವಳು ಅರೆಗಣ್ಣು ತೆರೆದು, ಹಿಂದೆಯೇ ಏದುಸಿರು ಬಿಡುತ್ತ ಬಂದ ಮೇಡಮ್ಮನ್ನು ಹುಡುಕಿದಳು.

“ಮೇಡಂ... ಈಗ ಕೂತ್ಕೊಳ್ಳಲಾ?”

ಡಾಕ್ಟರು ಅವಳ ಕಾಲುಚೀಲಗಳನ್ನು ಕೆಳಗೆಳೆದರು: ಮೊಣಕಾಲಿನಿಂದ ಪಾದದವರೆಗೆ, ಆ ಕಾಲಿಗೆ ಒಂಬತ್ತು ಪಟ್ಟಿ, ಈ ಕಾಲಿಗೆ ಒಂಬತ್ತು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು.