ಮಂಚದ ದೋಣಿ

"ದೋಣಿ ಅಲ್ಲಾಡ್ತು! ಹಿಡ್ಕೊಳ್ಳಿ!" ಎಂದು ಕೂಗಿ ಗಂಡ ಮಂಚವನ್ನು ಕುಲುಕಿದ. ಹೊಸ ಲೈಫ್ ಜಾಕೆಟ್ಟುಗಳಲ್ಲಿ ಆಮೆಮರಿಗಳಂತೆ ಕಾಣುತ್ತಿದ್ದ ಎರಡೂವರೆ ವರ್ಷದ ಅವಳಿಗಳು ಕಿರುಚಿಕೊಂಡು ಒಟ್ಟಿಗೇ ಅಮ್ಮನ ಕೊರಳಿಗೆ ಜೋತುಬಿದ್ದವು.

ಈ ತಾಲೀಮು ಅವಳದೇ ಯೋಚನೆ. ಮುಂದಿನ ತಿಂಗಳು ರಜೆಗೆಂದು ದ್ವೀಪವೊಂದಕ್ಕೆ ಹೋಗಬೇಕು. ದಡದಿಂದ ಅಲ್ಲಿಗೆ ಸಣ್ಣ ದೋಣಿಯೇ ಗತಿ. ದೋಣಿ ಅಲ್ಲಾಡಿದರೆ ಪುಟ್ಟಿಯನ್ನು ಹಿಡಿದುಕೊಳ್ಳುವುದು ಅಮ್ಮನ ಪಾಲು, ಗುಂಡನನ್ನು ಹಿಡಿದುಕೊಳ್ಳುವುದು ಅಪ್ಪನ ಪಾಲು. ಇಷ್ಟು ರೂಢಿಯಾಗದೆ ಟಿಕೆಟ್ ಮಾಡಿಸುವುದೇ ಬೇಡ ಎಂದು ಅವಳು ಪಟ್ಟು ಹಿಡಿದಿದ್ದಳು. ಬೇಕರಿಯ ಒಲೆಯ ಮುಂದೆ ಬೇಯುವ ಗಂಡನಿಗೋ, ತೆಂಗಿನ ನೆರಳು, ನೀಲಿ ನೀರು ಅಂದರೆ ಜೀವ.

"ಗುಂಡಾ, ನೀನು ನನ್ನ ಕಡೆ ಕಣೋ! ಬಾ ಬಾ," ಅವನು ಎರಡೂ ಕೈ ಚಾಚಿದ.

ಗುಂಡ ಅಮ್ಮನ ಭುಜದ ಹಿಂದಿನಿಂದ ಇಣುಕಿ, ತುಟಿಯ ಮೇಲೆ ಬೆರಳಿಟ್ಟ. "ಶ್... ಅಪ್ಪ ತಾಚಿ."

"ಎದ್ದಿದೀನಲ್ಲೋ ಮಹಾರಾಯ, ಕಣ್ಣು ನೋಡು!" ಗಂಡ ಕಣ್ಣರಳಿಸಿ ನಕ್ಕ. ನಗು ಅರ್ಧಕ್ಕೇ ನಿಂತಿತು. "ಇವನಿಗೆ ನಾನು ಯಾರೋ ಬಾಡಿಗೆಗಿರೋನ ಥರ ಕಣೇ."

ರಾತ್ರಿಯಿಡೀ ಬ್ರೆಡ್ ಬೇಯಿಸಿ ಬಂದು ಹಗಲು ಮಲಗುವವನ ನಿದ್ದೆ ಕೆಡದಿರಲೆಂದು, ಮಕ್ಕಳು ಈ ಕೋಣೆಯ ಕಡೆ ತಿರುಗಿದಾಗಲೆಲ್ಲ ತುಟಿಯ ಮೇಲೆ ಬೆರಳಿಟ್ಟವಳು ಅವಳೇ. ಒಳ್ಳೆಯದಕ್ಕೇ ಮಾಡಿದ್ದು. ಅಪ್ಪನೆಂದರೆ ಮುಟ್ಟಬಾರದ ವಸ್ತು ಎಂಬುದನ್ನು ಮಕ್ಕಳು ಚೆನ್ನಾಗಿಯೇ ಕಲಿತಿದ್ದವು.

"ಬಿಡು, ನಿಮ್ಮಮ್ಮನ್ನೂ ಕರ್ಕೊಂಡು ಹೋಗೋಣ," ಎಂದ ಗಂಡ, ತಾನು ತೊಟ್ಟಿದ್ದ ಜಾಕೆಟ್ ಬಿಚ್ಚುತ್ತ. "ಗುಂಡ ಅಜ್ಜಿ ಹತ್ರ ಇರ್ತಾನೆ. ನಾನು ಬ್ಯಾಗ್ ಹಿಡ್ಕೋತೀನಿ."

"ಬ್ಯಾಗ್ ಹಿಡಿಯೋಕೆ ಅಷ್ಟು ದೂರ ಹೋಗ್ಬೇಕಾ? ಬಿಚ್ಬೇಡಿ ಅದನ್ನ." ಅವಳು ಮಕ್ಕಳ ಕೈ ಬಿಡಿಸಿಕೊಂಡು ಮಂಚದಿಂದ ಇಳಿದಳು. "ಈಗ ದೋಣೀಲಿ ನಾನಿಲ್ಲ. ಎಷ್ಟತ್ತರೂ ನನ್ನ ಕರೀಬೇಡಿ."

ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಒಳಗೆ ಅಳು ಮುಗಿಲು ಮುಟ್ಟಿತು. ಪುಟ್ಟ ಕೈಗಳು ಬಾಗಿಲು ಬಡಿದವು. ಅವಳು ಚಿಲಕ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಒಳಗೆ ಗಂಡ ತಲೆಬುಡವಿಲ್ಲದ ಹಾಡೊಂದನ್ನು ಕಟ್ಟಿ ಹಾಡುತ್ತಿದ್ದ. ಒಂದು ಬಿಕ್ಕು. ಇನ್ನೊಂದು. ಆಮೇಲೆ ಮಂಚ ಕಿರ್ರೆಂದಿತು. ಯಾರೋ ಯಾರ ಮೇಲೋ ಧೊಪ್ಪೆಂದು ಬಿದ್ದ ಸದ್ದು, ಅದರ ಬೆನ್ನಿಗೇ ಕೇಕೆ.

"ಹಿಡ್ಕೋ ಅಪ್ಪಾ! ಇನ್ನೊಂದ್ಸಲ!"

"ಅಮ್ಮನ್ನ ಕರೆಯೋಣ್ವೇನೋ ಗುಂಡಾ?"

"ಬೇಡ."

ಅವಳಿಗೆ ಬೇಕಿದ್ದುದೂ ಇದೇ. ಚಿಲಕದಿಂದ ಕೈ ತೆಗೆದಳು. ತನ್ನದೇ ಕೋಣೆಯ ಬಾಗಿಲನ್ನು, ಪರರ ಮನೆಗೆ ಬಂದವಳಂತೆ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು.