ಮೆಟ್ಟಿಲು ಹತ್ತಿದವರು

ಡಾಕ್ಟರ್ ವಾಗೀಶ ತನ್ನ ಅಣ್ಣನಿಗೆ ಅಂದು ಬೆಳಿಗ್ಗೆಯಷ್ಟೇ ಹೊಸ ಔಷಧಿ ಶುರು ಮಾಡಿಸಿದ್ದ. ಅವನೇ ನಡೆಸಿದ ಸಂಶೋಧನೆಯಲ್ಲಿ ಹೊಸದು ಪಡೆದ ನಲವತ್ತು ರೋಗಿಗಳಲ್ಲಿ ತೀರಿಕೊಂಡವರು ನಾಲ್ವರು. ಹಳೆಯದು ಪಡೆದ ಅರವತ್ತರಲ್ಲಿ ಇಪ್ಪತ್ತು ಮಂದಿ. ಆದರೂ ಒಂದು ಮಾತು ಅವನನ್ನು ಕಾಡುತ್ತಿತ್ತು. ಯಾರಿಗೆ ಯಾವ ಔಷಧಿ ಎಂದು ರೋಗಿಗಳೇ ಚೀಟಿ ಎತ್ತಿದ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಸಮವಾಗಿರಬೇಕಿತ್ತು. ಹಳೆಯದಕ್ಕೆ ಅರವತ್ತು ಹೇಗಾಯಿತು ಎಂದು ವಾರ್ಡಿನ ನರ್ಸನ್ನು ಕೇಳಿದ.

"ಚೀಟಿ ಡಬ್ಬ ಮಹಡಿ ಮೇಲಿತ್ತಲ್ಲ ಡಾಕ್ಟ್ರೇ," ಎಂದರು ರೇಚಲ್ ಸಿಸ್ಟರ್. "ನಡೆಯೋಕಾಗೋರು ಮೆಟ್ಟಿಲು ಹತ್ತಿ ಬಂದು ಎತ್ತುತಿದ್ರು. ಸ್ಟ್ರೆಚರ್ ಮೇಲೆ ಬಂದ ಇಪ್ಪತ್ತೆರಡು ಜನಕ್ಕೆ ಕೆಳಗೇ ಹಳೇದು ಕೊಟ್ಬಿಟ್ವಿ. ಅವರನ್ನ ಹೊತ್ಕೊಂಡು ಹತ್ತಿದ್ರೆ ನಮ್ಮ ಸೊಂಟ ಉಳೀತಿತ್ತಾ?"

ವಾಗೀಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಾವಿನಂಚಿನಲ್ಲಿದ್ದವರೆಲ್ಲ ಹಳೆ ಔಷಧಿಯ ಪಾಲಿಗೆ ಹೋಗಿದ್ದರು. ಹೊಸದು ಸಿಕ್ಕವರೆಲ್ಲ, ತೀರಿಕೊಂಡ ಆ ನಾಲ್ವರೂ ಸೇರಿ, ತಮ್ಮ ಕಾಲಲ್ಲೇ ನಡೆದು ಬಂದವರು. ಹಾಗಾದರೆ ಹೊಸ ಔಷಧಿಯಿಂದ ಹೆಚ್ಚಿನ ಗುಣವೇನೂ ಇಲ್ಲವೇನೋ. ಇಲ್ಲದಿದ್ದರೂ ಅಣ್ಣನಿಗೆ ಕೆಡುಕಂತೂ ಆಗದು ಎಂದು ಸಮಾಧಾನ ಹೇಳಿಕೊಂಡ. ಪಕ್ಕದಲ್ಲಿ ಅಣ್ಣ ನಿದ್ದೆಯಲ್ಲೇ ನರಳಿದ. ಹೊಸ ಔಷಧಿಯ ಡ್ರಿಪ್ ಒಂದೇ ಸಮನೆ ಹನಿಯುತ್ತಿತ್ತು.

"ಸಿಸ್ಟರ್, ಮೆಟ್ಟಿಲು ಹತ್ತಿ ಬಂದು ಹಳೇ ಔಷಧಿ ಚೀಟಿ ಎತ್ತಿದೋರೂ ಇದ್ರಲ್ಲ?"

"ಮೂವತ್ತೆಂಟು ಜನ."

"ಅವರಲ್ಲಿ ಎಷ್ಟು ಜನ ಹೋದ್ರು?"

ಸಿಸ್ಟರ್ ಪುಸ್ತಕ ತೆರೆದು, ಹೆಸರುಗಳ ಮೇಲೆ ಬೆರಳಿಟ್ಟು ಕೊನೆಯವರೆಗೂ ನೋಡಿದರು.

"ಒಬ್ಬರೂ ಇಲ್ಲ ಡಾಕ್ಟ್ರೇ. ಎಲ್ಲಾರೂ ಹುಷಾರಾಗಿ ಮನೆಗೆ ಹೋದ್ರು."