ಪಲ್ಯಕ್ಕೆ ಬಾರದ ಕೋಸು

ಲಿಖಿತಾ ಕುಂಡದ ಮಣ್ಣಿಗೆ ಬೆರಳು ಚುಚ್ಚಿ, ಅದನ್ನು ಹಾಗೇ ಗಂಡನ ಮೂಗಿನೆದುರು ಹಿಡಿದಳು. ಬೆರಳ ತುಂಬ ಕೆಸರು.

"ನೋಡ್ರೀ, ಇವತ್ತೂ ನೀರು ಹಾಕಿದ್ದಾರೆ."

ಸೋಮನಾಥ ಬೆರಳನ್ನು ನೋಡಿದ, ಆಮೇಲೆ ಅಮ್ಮನನ್ನು. ಉಮಾಮಹೇಶ್ವರಿ ಮೊಮ್ಮಗಳ ಡಬ್ಬಿಗೆ ಚಪಾತಿ ಮಡಚಿಡುತ್ತಿದ್ದರು.

"ನಾನು ಮುಟ್ಟೇ ಇಲ್ವಲ್ಲಪ್ಪ," ಎಂದರು. ಡಬ್ಬಿ ಮುಚ್ಚಿ, "ನಾನೇ ಹಾಕಿದ್ನಾ?" ಎಂದು ಅವನನ್ನೇ ಕೇಳಿದರು.

ಜೆ.ಪಿ. ನಗರದ ಆ ಫ್ಲ್ಯಾಟಿನ ಬಾಲ್ಕನಿಗೆ ಗಿಡ ಬಂದದ್ದು ಯುಗಾದಿಯ ಸುಮಾರಿಗೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ದಪ್ಪ ಎಲೆಗಳು ಸುತ್ತಲೂ ಜೋಡಿಸಿಟ್ಟಂತಿದ್ದು ಹೂವಿನ ಹಾಗೆ ಕಾಣುವ ಸಕ್ಯುಲೆಂಟ್. ಬಿಸಿಲಿರಲಿ, ಮಣ್ಣು ಪೂರ್ತಿ ಒಣಗದೆ ನೀರು ಬೇಡ, ಎಲೆಗಳ ನಡುವೆ ನೀರು ನಿಂತರೆ ಕೊಳೆಯುತ್ತದೆ ಎಂದಿದ್ದ ನರ್ಸರಿಯವನು. ಸುಮ್ಮನಿರುವುದೇ ಅದರ ಆರೈಕೆ. ಅಷ್ಟಕ್ಕೆ ಪಿಂಗಾಣಿ ಕುಂಡ, ಮೇಲೆ ಬಿಳಿಗಲ್ಲು, ದಿನಕ್ಕೊಂದು ಫೋಟೋ. ಪಲ್ಯಕ್ಕೂ ಬಾರದ ಕೋಸು ಎಂದು ಅತ್ತೆ ಮೊದಲ ದಿನವೇ ಮೂಗು ಮುರಿದಿದ್ದರು.

ಅತ್ತೆಗೆ ಮರೆವು ಶುರುವಾಗಿದೆ ಎಂಬುದು ಲಿಖಿತಾಳ ವಾದ. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಹಾಲು ಉಕ್ಕಿ ಒಲೆ ಆರಿತ್ತು. ತ್ಯಾಗರಾಜನಗರದಲ್ಲಿ ವಯಸ್ಸಾದವರಿಗೆಂದೇ ಇರುವ ಒಂದು ಒಳ್ಳೆಯ ಮನೆಯನ್ನು ಅವಳು ಆಗಲೇ ನೋಡಿಕೊಂಡು ಬಂದಿದ್ದಳು. ಅವಳಿಗೆ ಆಫೀಸಿನ ಕೆಲಸಕ್ಕೆ ರೂಮು ಬೇಕಿತ್ತು. ಅಡುಗೆಯವಳು ಸಿಗ್ತಾಳೆ, ರೂಮು ಸಿಗಲ್ಲ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದಳು, ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಸೋಮನಾಥ ಒಪ್ಪಿರಲಿಲ್ಲ. ನೆಂಟರೆದುರು ತಲೆ ಎತ್ತುವುದು ಹೇಗೆ? ನಸುಕಿಗೆ ಏಳುವ ಅಮ್ಮ ಕಾಫಿ, ತಿಂಡಿ, ಡಬ್ಬಿ, ಸ್ಕೂಲ್ ಬಸ್ಸು, ರಾತ್ರಿಯ ಪಾತ್ರೆ ಎಂದು ಸುತ್ತುವುದನ್ನು ಅವನು ದಿನವೂ ನೋಡುತ್ತಿದ್ದ. "ಅಮ್ಮನಿಗೆ ಅದೇ ಖುಷಿ ಕಣೇ," ಎನ್ನುತ್ತಿದ್ದ, ಲೋಟ ಮುಂದೆ ಚಾಚಿ.

ಕೊನೆಗೆ ಲಿಖಿತಾ, ಅಷ್ಟೇ ಗಟ್ಟಿಯಾಗಿ, ಒಂದು ಪರೀಕ್ಷೆ ಒಡ್ಡಿದಳು. ಗಿಡವನ್ನು ಅತ್ತೆಗೆ ಒಪ್ಪಿಸೋಣ. ನೀರು ಹಾಕಬಾರದು ಎನ್ನುವುದು ನೆನಪಿದ್ದರೆ ಇಲ್ಲೇ ಇರಲಿ, ಇಲ್ಲದಿದ್ದರೆ ತ್ಯಾಗರಾಜನಗರ. ಏನೂ ಮಾಡದೆ ಗೆಲ್ಲಬಹುದಾದ ಪರೀಕ್ಷೆ. ಸೋಮನಾಥ ಧೈರ್ಯವಾಗಿ ಒಪ್ಪಿದ.

ಮಣ್ಣು ಒದ್ದೆಯಾಗುತ್ತಲೇ ಹೋಯಿತು. ಅದನ್ನು ಪತ್ತೆ ಹಚ್ಚುತ್ತಿದ್ದವಳು ಪ್ರತಿಸಲವೂ ಲಿಖಿತಾಳೇ. ಹಾಕಿದ ಕೈಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಸೋಮನಾಥನಿಗೂ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಹೆಂಡತಿಯನ್ನು ಕೇಳುವ ಧೈರ್ಯ ಬರುತ್ತಿರಲಿಲ್ಲ.

ಬುಡದ ಎಲೆಗಳು ಹಳದಿಯಾಗಿ ಲೋಳೆಗಟ್ಟಿದವು. ಕಾಂಡ ಕಪ್ಪಾಯಿತು. ಒಂದು ಭಾನುವಾರ ಸೋಮನಾಥ ಗಿಡವನ್ನು ಮೆಲ್ಲಗೆ ಎತ್ತಿದ. ತಲೆ ಕೈಗೆ ಬಂತು, ಬುಡ ಕುಂಡದಲ್ಲೇ ಉಳಿಯಿತು.

ಅವನು ಅಮ್ಮನ ಪಕ್ಕ ಕೂತ. "ಅಮ್ಮಾ, ಈ ಗಿಡಕ್ಕೆ ನೀರು ಹಾಕ್ಬೇಡ ಅಂದಿದ್ದೆ ಅಲ್ವಾ?"

ಉಮಾಮಹೇಶ್ವರಿ ಅವನ ಮುಖವನ್ನೇ ನೋಡಿದರು. "ಯಾವ ಗಿಡ?"

ಅಲ್ಲಿಗೆ ಮುಗಿಯಿತು.

ತ್ಯಾಗರಾಜನಗರದ ಮನೆಯೆದುರು ಸೋಮನಾಥ ಕಾರು ನಿಲ್ಲಿಸಿ ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತ. ಲಿಖಿತಾ ದುಪಟ್ಟಾದ ತುದಿಯಿಂದ ಒಣಗಿದ ಕಣ್ಣು ಒರೆಸಿಕೊಂಡಳು. ಹೊಸ ಮೇಜಿನ ಅಳತೆ ಹಿಂದಿನ ದಿನವೇ ಆಗಿತ್ತು. ಉಮಾಮಹೇಶ್ವರಿ ಮಗನ ಬೆನ್ನು ಸವರಿದರು. ಜನ ಏನೂ ಅನ್ನೋದಿಲ್ಲ, ನೀನೇ ಮುಂದೆ ನಿಂತು ಬಿಟ್ಟುಹೋಗ್ತಿದ್ದೀಯಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು.

ಅವರಿಗೆ ಕೊಟ್ಟ ರೂಮಿನಲ್ಲಿ ಎರಡು ಮಂಚ. ಒಂದರ ಮೇಲೆ ಅವರ ಬಾಲ್ಯದ ಗೆಳತಿ ಇಂದ್ರಾಣಿ ಕಾಲು ಚಾಚಿ, ಯಾರೋ ತಂದುಕೊಟ್ಟ ಕಾಫಿ ಕುಡಿಯುತ್ತಿದ್ದರು.

"ಯುಗಾದಿ ಕಳೀತಿದ್ದ ಹಾಗೇ ಬರ್ತೀನಿ ಅಂದಿದ್ದೆ," ಎಂದು ಇಂದ್ರಾಣಿ ಮುನಿಸಿಕೊಂಡರು. "ಇಷ್ಟು ತಡ ಯಾಕೆ ಮಾಡ್ದೆ?"

ಉಮಾಮಹೇಶ್ವರಿ ಚೀಲ ಕೆಳಗಿಟ್ಟು, ಎಷ್ಟೋ ವರ್ಷಗಳ ನಂತರ ಹಗಲು ಹೊತ್ತಿನಲ್ಲೇ ಮಂಚದ ಮೇಲೆ ಮೈ ಚಾಚಿದರು.

"ಏನ್ ಮಾಡ್ಲೇ, ಎಲೆ ಮಧ್ಯಕ್ಕೇ ದಿನಾ ನೀರು ಹುಯ್ದ್ರೂ ಆ ದರಿದ್ರ ಬೇಗ ಸಾಯ್ಲಿಲ್ಲ."